ಗಣಿತ ಒಂದೇ ಉಳಿದಿತ್ತು

ಬೇರೆಯವರ ಕಷ್ಟ ಒಂದು ಸಲ ಬಂದು ಹೋಗುತ್ತದೆ. ನನ್ನದು ಮಾರ್ಚಿನಲ್ಲಿ ಒಂದು ಸಲ, ಅಕ್ಟೋಬರಿನಲ್ಲಿ ಇನ್ನೊಂದು ಸಲ ಬರುತ್ತಿತ್ತು. ಹುಮನಾಬಾದಿನ ಒಂದು ಹೈಸ್ಕೂಲಿನಲ್ಲಿ ನಾನು ಜವಾನ. ತೊಂಬತ್ತರ ದಶಕದಲ್ಲಿ ನಮ್ಮ ಗುಮಾಸ್ತರು ರಿಟೈರ್ ಆಗುವವರಿದ್ದರು. ಹತ್ತನೇ ತರಗತಿ ಪಾಸಾದರೆ ಆ ಜಾಗ ನಿನಗೇ ಎಂದರು ಹೆಡ್‌ಮಾಸ್ತರು. ಉಳಿದ ವಿಷಯಗಳೆಲ್ಲ ಮುಗಿದಿದ್ದವು, ಗಣಿತ ಒಂದೇ ಬಾಕಿ. ಮೂವತ್ತೈದು ಅಂಕ ಬಂದರೆ ಗಂಟೆ ಬಾರಿಸುವುದು ಬಿಟ್ಟು ಕುರ್ಚಿಯ ಮೇಲೆ ಕೂಡಬಹುದಿತ್ತು. ಆ ಕುರ್ಚಿಗಾಗಿ ಪಟ್ಟ ಪಾಡು ನನ್ನ ವೈರಿಗೂ ಬೇಡ.

ಅಠರಾ ದೀಡೆ

ಮೊದಲ ಗುರು ನನ್ನ ಮಗಳು, ಆಗ ಒಂಬತ್ತನೇ ತರಗತಿ. ಹದಿನೆಂಟನ್ನು ಒಂದೂವರೆಯಿಂದ ಗುಣಿಸು ಎಂದಳು. ದಶಾಂಶದ ಚುಕ್ಕಿ ಎಲ್ಲಿಡಬೇಕೋ ತಿಳಿಯದೆ ಒಮ್ಮೆ ಎರಡು ಪಾಯಿಂಟ್ ಏಳು ಬರೆದೆ, ಒಮ್ಮೆ ಇನ್ನೂರ ಎಪ್ಪತ್ತು. "ಅಪ್ಪಾ, ನಿನಗ ಇನ್ನ ಹ್ಯಾಂಗ ಹೇಳಲಿ?" ಎಂದು ಹಣೆ ಬಡಿದುಕೊಂಡಳು.

ಘಾಟಬೋರಾಳದಿಂದ ಬಂದಿದ್ದ ನನ್ನ ತಂದೆ ಮೂಲೆಯಲ್ಲಿ ಎಲೆಗೆ ಸುಣ್ಣ ಹಚ್ಚುತ್ತಿದ್ದರು. ಪಂತೋಜಿಯ ಕೈಯಲ್ಲಿ ಪೆಟ್ಟು ತಿಂದು ಒಂದೂವರೆಯ ಮಗ್ಗಿಯನ್ನೂ ಮರಾಠಿಯಲ್ಲಿ ಬಾಯಿಪಾಠ ಮಾಡಿದವರು. ತಲೆ ಎತ್ತದೆ, "ಅಠರಾ ದೀಡೆ ಸತ್ತಾವೀಸ. ಇಪ್ಪತ್ತೇಳು. ಇದಕ್ಕ್ಯಾಕ ಹಾಳಿ ಕೆಡಸಾಕತ್ತೀರಿ?" ಎಂದರು.

ಮಗಳು ಒಪ್ಪಲಿಲ್ಲ. "ಹಂತ ಎಲ್ಲಿ ಅವ ಮುತ್ಯಾ? ಹಂತ ಬರೀದಿದ್ರ ಮಾರ್ಕ್ಸ್ ಇಲ್ಲ."

ಅಂದು ನಮ್ಮ ಮನೆಯಲ್ಲಿ ಅಪ್ಪ ಮಗ ಇಬ್ಬರೂ ಫೇಲಾದೆವು.

ಬೇಮಳಖೇಡದ ತ್ರಿಕೋನ

"ಪುಸ್ತಕದಾಗ ತಿಳೀದಿದ್ರ ಕಣ್ಣಿಂದ ನೋಡಿ ಕಲಿ" ಎಂದರು ನಮ್ಮ ಗಣಿತದ ಮಾಸ್ತರು. ಬೇಮಳಖೇಡದಲ್ಲಿ ನನ್ನ ಹೆಂಡತಿಯ ಅಣ್ಣನ ಹೊಲ ಮೂರು ಮೂಲೆಯದು. ಭಾನುವಾರ ಹಗ್ಗ ಹಿಡಿದು ಹೋದೆ. ಒಂದು ಬದಿ ಅಳೆದು ಗೂಟ ಬಡಿಯುವಷ್ಟರಲ್ಲಿ ಪಕ್ಕದ ಹೊಲದವನು ಕೊಡಲಿ ಸಮೇತ ಓಡಿಬಂದ. "ಬದು ಒತ್ತಾಕ ಬಂದೀಯೇನು?"

"ಇಲ್ಲರಿ, ತ್ರಿಕೋನದ ಕ್ಷೇತ್ರಫಲ ಕಲಿಯಾಕತ್ತೇನಿ. ಪರೀಕ್ಷಾ ಅದ."

ಊರ ಹಿರಿಯರು ಸೇರಿದರು. ನನ್ನ ಭಾವ ಎಷ್ಟು ಆಣೆ ಮಾಡಿದರೂ ಯಾರೂ ನಂಬಲಿಲ್ಲ. ಎಲ್ಲರಿಗಿಂತ ಹಿರಿಯರೊಬ್ಬರು ನನ್ನ ಮುಖ ನೋಡಿ ತೀರ್ಪು ಕೊಟ್ಟರು: "ಮೀಸಿ ಬೆಳ್ಳಗಾಗ್ಯಾವ, ಪರೀಕ್ಷಾ ಅಂತ! ಸುಳ್ಳು ಹೇಳಾಕೂ ಒಂದು ಲೆಕ್ಕ ಬೇಕು."

ಏಳನೇ ಸಲ

ಪರೀಕ್ಷಾ ಕೇಂದ್ರ ಬಸವಕಲ್ಯಾಣ. "ಈ ಸಲ ಆಗದಿದ್ರ ಜಾಗ ಬ್ಯಾರೇವರಿಗಿ ಹೋಗ್ತದ, ನನ್ನ ಕೈಯಾಗ ಏನೂ ಇಲ್ಲ" ಎಂದು ಹೆಡ್‌ಮಾಸ್ತರು ಹೇಳಿ ಕಳಿಸಿದ್ದರು. ಬರುವ ಲೆಕ್ಕಗಳನ್ನೆಲ್ಲ ಮಾಡಿದೆ. ಮೂವತ್ತೊಂದು ಅಂಕ ಖಾತ್ರಿ. ನಾಲ್ಕು ಅಂಕದ ಪ್ರಮೇಯವೊಂದು ಉಳಿದಿತ್ತು, ಅದು ಅಕ್ಷರಶಃ ಬಾಯಿಪಾಠ. ಪ್ರಶ್ನೆಯ ನಂಬರು ಬರೆದೆ. ಅರ್ಧ ಗಂಟೆ ಬಾಕಿ.

ಮಾರ್ಚಿನ ಬಿಸಿಲು. ಬಾಗಿಲಲ್ಲಿ ನಿಂತಿದ್ದ ಮೇಲ್ವಿಚಾರಕರು ಕೂಗಿದರು: "ಏಯ್, ಹುಡುಗರಿಗಿ ನೀರು ಕೊಡು!"

ಅದು ಹೊರಗಿದ್ದ ಅಲ್ಲಿಯ ಜವಾನನಿಗೆ. ಆದರೆ ಇಪ್ಪತ್ತು ವರ್ಷದ ಚಾಕರಿ ನೋಡಿ, ಕಾಲು ತಲೆಯನ್ನು ಕೇಳಲೇ ಇಲ್ಲ. "ಹೂಂ ಸರ್" ಎಂದು ಎದ್ದೆ. ಮೂಲೆಯ ಕೊಡದಿಂದ ನೀರು ತುಂಬಿಕೊಂಡು ಮೊದಲ ಬೆಂಚಿನಿಂದ ಶುರು ಮಾಡಿದೆ. ಒಬ್ಬರಿಗೆ ಕೊಟ್ಟು ಇನ್ನೊಬ್ಬರಿಗೆ ಇಲ್ಲವೆನ್ನಲಾದೀತೇ? ಕೋಣೆಯಲ್ಲಿ ನಲವತ್ತು ಮಕ್ಕಳು. ನಡುವೆ ಮೇಲ್ವಿಚಾರಕರು ನನ್ನ ಖಾಲಿ ಬೆಂಚು ತೋರಿಸಿ, "ಇವ ಎಲ್ಲಿಗಿ ಹೋದ?" ಎಂದು ನನ್ನನ್ನೇ ಕೇಳಿದರು. "ಗೊತ್ತಿಲ್ರಿ ಸರ್" ಎಂದೆ. ಕೊನೆಯ ಬೆಂಚು ಮುಗಿದಾಗಲೇ ಎಚ್ಚರವಾಗಿದ್ದು. ಓಡಿಹೋಗಿ ಪೆನ್ನು ಹಿಡಿಯುವಷ್ಟರಲ್ಲಿ ಗಂಟೆ ಹೊಡೆಯಿತು.

ಮೂವತ್ತೊಂದೇ ಬಂತು. ಜಾಗ ಹೋಯಿತು. ನಾಚಿಕೆಯೇಕೆ, ಸಾಲೆಯ ಹಿಂದೆ ನಿಂತು ಅತ್ತುಬಿಟ್ಟೆ.

ಮರುವರ್ಷ ಪರೀಕ್ಷೆ ಹತ್ತಿರ ಬಂದಾಗ ರಾಜೇಶ್ವರದ ತಾಯಿಯೊಬ್ಬಳು ಮಗಳನ್ನು ಕರೆದುಕೊಂಡು, ನನ್ನನ್ನು ಹುಡುಕುತ್ತ ನಮ್ಮ ಹೈಸ್ಕೂಲಿಗೇ ಬಂದಳು. ಕೈಯಲ್ಲಿ ಸ್ಟೀಲಿನ ಗ್ಲಾಸು.

"ಅಣ್ಣಾರ, ಇಕಿಗಿ ನಿಮ್ಮ ಕೈಯಿಂದ ಒಂದು ಗ್ಲಾಸ್ ನೀರು ಕೊಡ್ರಿ. ಹೋದ ವರ್ಷ ನೀವು ನೀರು ಕೊಟ್ಟ ಹುಡುಗರು ಒಬ್ರೂ ಬಿಡದಾಂಗ ಪಾಸಾಗ್ಯಾರಂತ."

ನನಗೆ ಹೊಟ್ಟೆ ಉರಿಯಿತು. "ತಂಗಿ, ನಾನೂ ಅದೇ ಕೋಣ್ಯಾಗ ಪರೀಕ್ಷಾ ಬರ್ದೀನವ್ವ. ನಾನು ಫೇಲಾಗೀನಿ!"

ಆಕೆ ಗ್ಲಾಸನ್ನು ಇನ್ನಷ್ಟು ಮುಂದೆ ಹಿಡಿದಳು.

"ನೀವು ಕುಡದಿದ್ದಿಲ್ಲಲ್ರಿ!"