ಎಂಟು ದಿನದ ಓದು, ಮೂರು ತಿಂಗಳ ರಕ್ತ

ಪರೀಕ್ಷೆಗೆ ಹೆದರುವವರನ್ನು ಕಂಡರೆ ನನಗೆ ಮೊದಲಿನಿಂದಲೂ ತಾತ್ಸಾರ. ವರ್ಷವಿಡೀ ಓದಿದವರಿಗೆ ಹೆದರಿಕೆ ಯಾಕೆ, ಓದದವರಿಗೆ ಹೆದರುವ ಹಕ್ಕಾದರೂ ಎಲ್ಲಿದೆ ಎಂದು ಇಪ್ಪತ್ತೆರಡು ವರ್ಷದಿಂದ ಹೇಳಿಕೊಂಡು ಬಂದಿದ್ದೇನೆ. ಬೀದರಿನ ಒಂದು ಖಾಸಗಿ ಹೆಣ್ಣುಮಕ್ಕಳ ಶಾಲೆಯಲ್ಲಿ ಗಣಿತ ಕಲಿಸುವವಳು ನಾನು. ಕೊನೆಯ ವಾರದಲ್ಲಿ ಪುಸ್ತಕ ತೆರೆಯುವ ಹುಡುಗಿಯರ ಉತ್ತರಪತ್ರಿಕೆಯ ಮೇಲೆ ಕೆಂಪು ಶಾಯಿಯಲ್ಲಿ ‘ಮೊದಲಿಂದ ಓದು’ ಎಂದು ಬರೆದು ಬರೆದು ನನ್ನ ಕೈ ಪಳಗಿದೆ. ಇಂಥ ನಾನು ಕಳೆದ ದೀಪಾವಳಿ ಮುಗಿದ ಮೇಲೆ ಎಂಟು ದಿನ ಮೂಗು ಹಿಡಿದುಕೊಂಡು ಹಾಗಲಕಾಯಿ ರಸ ಕುಡಿದೆ ಎಂದು ಒಪ್ಪಿಕೊಳ್ಳುವಾಗ ನಾಚಿಕೆಗಿಂತ ಸಿಟ್ಟೇ ಹೆಚ್ಚು ಬರುತ್ತದೆ. ಯಾರ ಮೇಲೆ ಸಿಟ್ಟು ಎಂದು ಕೇಳಬೇಡಿ, ಪಟ್ಟಿ ಉದ್ದವಿದೆ.

ಪಟ್ಟಿಯಲ್ಲಿ ಮೊದಲು ಬರುವುದು ವಿಮೆ. ಇಷ್ಟು ವರ್ಷ ನಮ್ಮ ಶಾಲೆಯಲ್ಲಿ ಅದರ ಹೆಸರೂ ಇರಲಿಲ್ಲ. ಬಡವರಿಗೆ ಒಂದು ಕಾರ್ಡಿದೆ, ಸಾಹುಕಾರರು ಕಾರು ತೆಗೆದುಕೊಂಡು ಹೈದರಾಬಾದಿಗೆ ಹೋಗುತ್ತಾರೆ, ನಡುವಿನ ನಮ್ಮಂಥವರಿಗೆ ಇದ್ದದ್ದು ಮೈಲೂರು ಬಡಾವಣೆಯ ನಮ್ಮ ಓಣಿಯ ಔಷಧಿ ಅಂಗಡಿಯವನು ಒಬ್ಬನೇ. ಜ್ವರವಿರಲಿ, ಮೊಣಕಾಲು ನೋವಿರಲಿ, ಅವನು ಒಂದು ಬಿಳಿ, ಒಂದು ಹಳದಿ ಗುಳಿಗೆ ಕಟ್ಟಿಕೊಡುತ್ತಿದ್ದ. ಗುಣವಾದರೆ ಅವನ ಕೈಗುಣ, ಆಗದಿದ್ದರೆ ನಮ್ಮ ಹಣೆಬರಹ. ಈ ವರ್ಷ ಶಾಲೆಗೆ ಹೊಸ ಆಡಳಿತ ಮಂಡಳಿ ಬಂತು, ಎಲ್ಲ ಶಿಕ್ಷಕಿಯರಿಗೂ ವಿಮಾ ಕಾರ್ಡು ಹಂಚಿತು, ಜೊತೆಗೆ ತಿಂಗಳೊಳಗೆ ಆಸ್ಪತ್ರೆಗೆ ಹೋಗಿ ಪೂರ್ತಿ ತಪಾಸಣೆ ಮಾಡಿಸಿಕೊಳ್ಳಬೇಕೆಂದು ಹುಕುಂ ಹೊರಡಿಸಿತು. ಇಪ್ಪತ್ತೆರಡು ವರ್ಷ ನಾನು ಇದ್ದೇನೋ ಇಲ್ಲವೋ ಎಂದು ಕೇಳದವರಿಗೆ ಈಗ ತಿಂಗಳೊಳಗೆ ನನ್ನ ರಕ್ತ ಬೇಕಂತೆ! ಅವರು ಕೊಟ್ಟ ನಮೂನೆಯಲ್ಲಿ ‘ಕೊನೆಯ ಬಾರಿ ವೈದ್ಯರನ್ನು ಕಂಡದ್ದು ಯಾವಾಗ?’ ಎಂಬ ಪ್ರಶ್ನೆ ಬೇರೆ. ನನ್ನ ಮಗಳು ಹುಟ್ಟಿದ ದಿನ. ಅವಳಿಗೀಗ ಹತ್ತೊಂಬತ್ತು. ಹಾಗಂತ ಬರೆದರೆ ನಗುತ್ತಾರೆಂದು ಆ ಜಾಗ ಖಾಲಿ ಬಿಟ್ಟೆ.

ಎರಡನೆಯ ಸಿಟ್ಟು ನಮ್ಮವರ ಮೇಲೆ. ಅವರಿಗೆ ಫೋಟೋಕ್ಕೆ ಚೌಕಟ್ಟು ಹಾಕುವ ಅಂಗಡಿಯಿದೆ, ಜಗತ್ತಿನ ಯಾವ ತೊಂದರೆಯನ್ನೂ ಗಾಜಿನ ಹಿಂದಿಟ್ಟು ನೋಡುವ ಸ್ವಭಾವ. ಕಾರ್ಡು ತೋರಿಸಿದೆ. “ಅದರಾಗೇನದ? ಹೋಗಿ ರಕ್ತ ಕೊಟ್ಟು ಬಾ. ನಿನಗೇನಾಗ್ಯದ, ಛಲೋ ಕಲ್ಲಿನಂಗ ಅದೀ,” ಎಂದರು. ಈ ಮನೆಯಲ್ಲಿ ಯಾರಿಗೆ ಯಾವ ಗುಳಿಗೆ ಒಗ್ಗುವುದಿಲ್ಲ, ಯಾರ ಕೆಮ್ಮು ಯಾವ ತಿಂಗಳಲ್ಲಿ ಬರುತ್ತದೆ ಎಲ್ಲವೂ ನನಗೆ ಬಾಯಿಪಾಠ. ನನ್ನ ಬಗ್ಗೆ ಮನೆಯವರಿಗೆ ತಿಳಿದಿರುವುದು ನಾನು ಕಲ್ಲು ಎಂಬುದು ಮಾತ್ರ.

ಆದರೆ ಕಲ್ಲಿನ ಗುಟ್ಟೊಂದಿತ್ತು. ಮೂರು ವರ್ಷದಿಂದ ನನ್ನ ಅಂಗಾಲು ಜುಮುಜುಮು ಎನ್ನುತ್ತಿತ್ತು. ದಿನವಿಡೀ ನಿಂತು ಪಾಠ ಮಾಡುವವರಿಗೆ ಇದೆಲ್ಲ ಇದ್ದದ್ದೇ ಎಂದುಕೊಂಡಿದ್ದೆ. ಒಂದು ದಿನ ಶಾಲೆಯಿಂದ ಬಂದು ಚಪ್ಪಲಿ ಬಿಟ್ಟರೆ ಒಳಗೊಂದು ಕಲ್ಲಿನ ಚೂರು! ಬೆಳಗಿನಿಂದ ಅದರ ಮೇಲೇ ನಿಂತಿದ್ದೆ, ಗೊತ್ತೇ ಆಗಿರಲಿಲ್ಲ. ಔರಾದಿನಲ್ಲಿದ್ದ ನನ್ನ ಅವ್ವನಿಗೂ ಹೀಗೇ ಶುರುವಾಗಿತ್ತು. ಚಪ್ಪಲಿ ಕಡಿದು ಸಣ್ಣ ಗಾಯವಾಯಿತು, ಅರಿಶಿನ ಹಚ್ಚಿದರು, ಮಾಯಲಿಲ್ಲ. ಸಕ್ಕರೆ ಕಾಯಿಲೆ ಎಂದು ತಿಳಿಯುವ ಹೊತ್ತಿಗೆ ಎರಡು ಬೆರಳು ತೆಗೆಯಬೇಕಾಯಿತು, ಆಮೇಲೆ ಪಾದ. ನನಗೂ ಅದೇ ಇದ್ದರೆ? ಇದನ್ನು ಯಾರಿಗೂ ಹೇಳಿರಲಿಲ್ಲ. ಹೇಳಿದರೆ ನಿಜವಾಗಿಬಿಡುತ್ತದೆಂಬ ಭಯ, ಅಷ್ಟೇ.

ಭಾಲ್ಕಿಯಲ್ಲಿರುವ ನಾದಿನಿಗೆ ಕಾಲಿನ ಸುದ್ದಿ ಬಿಟ್ಟು ತಪಾಸಣೆಯ ಸುದ್ದಿ ಮಾತ್ರ ಹೇಳಿದೆ. ಫೋನಿನಲ್ಲೇ ಪಾಠ ಶುರುವಾಯಿತು. “ವೈನಿ, ಬಿಲ್ಕುಲ್ ಘಾಬರಿ ಆಗಬ್ಯಾಡ್ರಿ. ಎಂಟು ದಿನ ಅನ್ನ, ಸಕ್ರಿ ಬಂದ್ ಮಾಡ್ರಿ. ಮುಂಜಾನೆ ಹಾಗಲಕಾಯಿ ರಸ, ಸಂಜಿಕಿ ಜರಾ ಜೋರಾಗಿ ವಾಕಿಂಗ್. ನಮ್ಮ ಮನ್ಯಾಗಿನವರೂ ಹಿಂಗೇ ಮಾಡಿ ಪಾಸಾಗ್ಯಾರ್ರಿ.” ಕೊನೆಯ ವಾರ ಓದಿ ಪಾಸಾಗುವ ಈ ವಿದ್ಯೆಯನ್ನು ಬೇರೆ ಯಾರು ಹೇಳಿದ್ದರೂ ಬೆಂಚಿನ ಮೇಲೆ ನಿಲ್ಲಿಸುತ್ತಿದ್ದೆ. ಅಂದು “ಎಷ್ಟು ಹಾಗಲಕಾಯ್ರಿ?” ಎಂದು ಕೇಳಿ ಬರೆದುಕೊಂಡೆ.

ಎಂಟು ದಿನದ ತಪಸ್ಸಿನ ವರ್ಣನೆ ಬೇಡ. ದೀಪಾವಳಿಯ ಶಂಕರಪೋಳಿ ಡಬ್ಬಿಯಲ್ಲಿ ಇನ್ನೂ ಅರ್ಧ ಉಳಿದಿತ್ತು, ನಮ್ಮವರು ಅದನ್ನು ನನ್ನ ಎದುರಿಗೇ ಕೂತು ಕಟುಂ ಕಟುಂ ಎಂದು ತಿನ್ನುತ್ತಿದ್ದರು. ಸಂಜೆ ಕೋಟೆಯ ಕಡೆಗೆ ಬಿರುಸಾಗಿ ನಡೆಯುವಾಗ ಹತ್ತನೆಯ ತರಗತಿಯ ಹುಡುಗಿಯರಿಬ್ಬರು ಎದುರಾಗಿ, “ಟೀಚರ್, ವಾಕಿಂಗ್ ಏನ್ರಿ?” ಎಂದರು. “ಇಲ್ಲವ್ವ, ವಹಿ ತರಾಕ ಹೊಂಟೇನಿ,” ಎಂದು ಸುಳ್ಳು ಹೇಳಿದೆ. ನೋಟುಬುಕ್ಕಿನ ಅಂಗಡಿ ಹಿಂದೆಯೇ ದಾಟಿ ಹೋಗಿತ್ತು, ಅದು ಅವರಿಗೂ ಗೊತ್ತಿತ್ತು. ತಪಾಸಣೆಯ ಹಿಂದಿನ ರಾತ್ರಿ, ಡಾಕ್ಟರು ನೋಡುತ್ತಾರೆಂದು ಒಡೆದ ಹಿಮ್ಮಡಿಯನ್ನು ಕಲ್ಲಿಗೆ ತಿಕ್ಕಿ ತಿಕ್ಕಿ, ಕೊಬ್ಬರಿ ಎಣ್ಣೆ ಹಚ್ಚಿ ಮಲಗಿದೆ. ಕಾಲಿನ ಕಾಯಿಲೆ ಮುಚ್ಚಿಡಲು ಹೊರಟವಳು ಕಾಲಿಗೇ ಶೃಂಗಾರ ಮಾಡಿದ್ದೆ.

ತಪಾಸಣೆಯ ದಿನ ಮುಂಜಾನೆ ಖಾಲಿ ಹೊಟ್ಟೆಯಲ್ಲಿ ಆಸ್ಪತ್ರೆಗೆ ಹೋದರೆ ರಕ್ತ ತೆಗೆಯುವ ಮೇಜಿನ ಹಿಂದೆ ಕೂತಿದ್ದವಳು ಸುನೀತಾ! ನನ್ನ ಹಳೆಯ ವಿದ್ಯಾರ್ಥಿನಿ, ನನ್ನ ಕೆಂಪು ಶಾಯಿಯನ್ನು ಅತಿ ಹೆಚ್ಚು ಖರ್ಚು ಮಾಡಿಸಿದವಳು. “ಟೀಚರ್, ಕುಂದರ್ರಿ ಕುಂದರ್ರಿ. ಕೈ ಸಡ್ಲ ಬಿಡ್ರಿ,” ಎಂದು ನಯವಾಗಿ ಸೂಜಿ ಚುಚ್ಚಿದಳು. ಮಧ್ಯಾಹ್ನ ವರದಿ ತೆಗೆದುಕೊಳ್ಳಲು ಹೋದಾಗ ಮೊದಲ ಹಾಳೆ ತೋರಿಸಿ, “ಖಾಲಿ ಹೊಟ್ಟಿದು ಛಲೋ ಬಂದದ್ರಿ,” ಎಂದಳು. ನನಗೆ ಆಕಾಶ ಮೂರೇ ಗೇಣು. ನಾದಿನಿಗೆ ಒಂದು ಸೀರೆಯನ್ನೇ ಕೊಡಬೇಕೆಂದುಕೊಂಡೆ. ಅಷ್ಟರಲ್ಲಿ ಅವಳು ಎರಡನೆಯ ಹಾಳೆ ತೆಗೆದು ದನಿ ತಗ್ಗಿಸಿದಳು. “ಆದ್ರ ಟೀಚರ್, ಇದು ಮೂರು ತಿಂಗಳ ಸಕ್ರಿ ಲೆಕ್ಕರಿ. ಇದರಾಗ ಭಾಳ ಅದ. ಎಂಟು ದಿನ ಪಥ್ಯ ಮಾಡಿ ಬಂದ್ರ ಇದು ಇಳಿಯಂಗಿಲ್ರಿ.”

ಮೂರು ತಿಂಗಳದ್ದು ಎಂದರೇನು? ರಕ್ತಕ್ಕೆ ಅಷ್ಟು ಹಿಂದಿನದೆಲ್ಲ ನೆನಪಿರುತ್ತದೆಯಂತೆ! ಇಂಥ ಅನ್ಯಾಯ ಎಲ್ಲಾದರೂ ಉಂಟೆ? ಹಿಂದಿನ ಮೂರು ತಿಂಗಳೆಂದರೆ ಶ್ರಾವಣದ ಹೋಳಿಗೆ, ಗಣಪತಿಯ ಕಡುಬು, ದಸರೆಯ ಹುಗ್ಗಿ, ದೀಪಾವಳಿಯ ಲಾಡು. ಹಬ್ಬವೆಲ್ಲ ಒಂದೇ ಪ್ರಶ್ನೆಪತ್ರಿಕೆಯಲ್ಲಿ! ಇದನ್ನು ಕಂಡುಹಿಡಿದವನ ಮನೆಯಲ್ಲಿ ಒಂದು ಪಂಚಾಂಗವೂ ಇರಲಿಲ್ಲವೇ? “ಮೊದ್ಲೇ ಹೇಳಬಾರದಿತ್ತೇನ?” ಎಂದು ಸುನೀತಾಳ ಮೇಲೆ ಹರಿಹಾಯ್ದೆ. ಅವಳು ನಗಲಿಲ್ಲ. “ಹೇಳಿದ್ರೂ ಏನ್ ಮಾಡ್ತಿದ್ರಿ ಟೀಚರ್? ಮೊದಲಿಂದ ಓದಬೇಕಲ್ರಿ,” ಎಂದಳು. ಸೇಡು ತೀರಿಸಿಕೊಳ್ಳುತ್ತಿದ್ದಾಳೋ ಎಂದು ಮುಖ ನೋಡಿದೆ. ಹುಡುಗಿ ನಿಜವಾಗಿಯೂ ಮರುಗಿಯೇ ಹೇಳಿದ್ದಳು. ಅದು ಇನ್ನೂ ಸಿಟ್ಟು ತರಿಸಿತು.

ಡಾಕ್ಟರಮ್ಮ ನನ್ನ ಮಗಳಿಗಿಂತ ಏಳೆಂಟು ವರ್ಷ ದೊಡ್ಡವಳಿರಬಹುದು. ವರದಿ ನೋಡಿ, ನನ್ನನ್ನು ಮಲಗಿಸಿ, ಕೈಯಲ್ಲಿ ಒಂದು ಸಣ್ಣ ಪ್ಲಾಸ್ಟಿಕ್ ಎಳೆ ಹಿಡಿದು, “ಕಣ್ಣು ಮುಚ್ಕೊಳ್ರಿ. ಅಂಗಾಲಿಗೆ ಮುಟ್ಟಿಸ್ತೇನಿ, ಗೊತ್ತಾದ ಕೂಡ್ಲೆ ಹೂಂ ಅನ್ರಿ,” ಎಂದಳು. ಕಣ್ಣು ಮುಚ್ಚಿದೆ. ಏನೂ ಗೊತ್ತಾಗಲಿಲ್ಲ. ಮುಟ್ಟಿದಳೋ ಇಲ್ಲವೋ? ಉತ್ತರ ಗೊತ್ತಿಲ್ಲದ ಪ್ರಶ್ನೆಗೆ ಖಾಲಿ ಬಿಡುವ ಬದಲು ಏನಾದರೊಂದು ಬರೆಯುವ ಹುಡುಗಿಯರನ್ನು ಎಷ್ಟು ಬೈದಿದ್ದೇನೆ! ಅಂದಾಜಿನ ಮೇಲೆ “ಹೂಂ” ಎಂದೆ. ಸ್ವಲ್ಪ ಹೊತ್ತು ಬಿಟ್ಟು ಇನ್ನೊಂದು “ಹೂಂ.”

“ನಾ ಇನ್ನಾ ಮುಟ್ಟೇ ಇಲ್ರಿ,” ಎಂದಳು ಡಾಕ್ಟರಮ್ಮ.

ಕಣ್ಣು ತೆರೆಯಲು ನನಗೆ ಧೈರ್ಯವಾಗಲಿಲ್ಲ. ಆಮೇಲೆ ಅವಳು ನಾಲ್ಕು ಕಡೆ ಮುಟ್ಟಿಸಿದಳಂತೆ, ನನಗೆ ಒಂದೂ ಗೊತ್ತಾಗಲಿಲ್ಲ. “ಯಾವಾಗಿಂದ ಹಿಂಗ ಆಗ್ಲಿಕತ್ತದ್ರಿ?” ಎಂದು ಕೇಳಿದಳು. “ಎಂಟು ದಿನ ಆಗಿರಬೇಕ್ರಿ,” ಎಂದೆ. ಅವಳು ಸುಮ್ಮನೆ ಕಾದಳು. ಸುಳ್ಳು ಹೇಳಿದವರ ಮುಂದೆ ಸುಮ್ಮನೆ ನಿಲ್ಲುವ ಈ ಉಪಾಯ ನನ್ನದೇ. “ಮೂರು ವರ್ಷ,” ಎಂದೆ, ಮತ್ತು ಅಳು ಬಂದುಬಿಟ್ಟಿತು. ಅವ್ವನ ಸುದ್ದಿ ಹೇಳಿದೆ. ರಜೆಗೆಲ್ಲ ಔರಾದಿಗೆ ಹೋಗಿ ಅವ್ವನ ಕೈಯ ಹುಗ್ಗಿ ಉಂಡು ಬರುತ್ತಿದ್ದ ನಾನು, ಒಂದು ಸಲವಾದರೂ ಅವಳ ಕಾಲು ಮುಟ್ಟಿ “ಗೊತ್ತಾಗ್ತದೇನವ್ವ?” ಎಂದು ಕೇಳಿರಲಿಲ್ಲ. ಪಟ್ಟಿಯಲ್ಲಿ ಎಲ್ಲರ ಮೇಲೂ ಸಿಟ್ಟಿತ್ತು, ನನ್ನ ಹೆಸರೊಂದು ಬರೆಯುವುದು ಉಳಿದಿತ್ತು.

ಡಾಕ್ಟರಮ್ಮ ನನ್ನ ಎರಡೂ ಪಾದ ಹಿಡಿದು, ಬೆರಳ ಸಂದು ಸಂದು ನೋಡಿದಳು. “ಗಾಯ ಇಲ್ರಿ, ರಕ್ತ ಛಲೋ ಹರೀಲಿಕತ್ತದ. ತಡ ಆಗ್ಯದ ಖರೇ, ಪೂರಾ ಕೈ ಮೀರಿಲ್ಲ. ಗುಳಿಗಿ ತಪ್ಪಸಬ್ಯಾಡ್ರಿ, ದಿನಾ ಕಾಲು ನೋಡ್ಕೊಳ್ರಿ, ಬರಿಗಾಲಿಲೆ ಅಡ್ಡಾಡಬ್ಯಾಡ್ರಿ. ಮೂರು ತಿಂಗಳಿಗೆ ಮತ್ತ ಬರ್ರಿ.” ನಾನು ಹೊರಡುವಾಗ, “ಹಿಮ್ಮಡಿ ಯಾಕ ಇಷ್ಟು ತಿಕ್ಕೀರಿ, ಚರ್ಮ ಎದ್ದದ. ಇನ್ನ ಹಿಂಗ ಮಾಡಬ್ಯಾಡ್ರಿ,” ಎಂದು ಬೈದಳು.

ಮನೆಗೆ ಬಂದು ನಮ್ಮವರಿಗೆ ಎಲ್ಲ ಹೇಳಿದೆ. ಅವರು ಶಂಕರಪೋಳಿಯ ಡಬ್ಬಿಯನ್ನು ಎತ್ತಿಕೊಂಡು ಹೋಗಿ ಪಕ್ಕದ ಮನೆಗೆ ಕೊಟ್ಟು ಬಂದರು. ಆಮೇಲೆ ನನ್ನೆದುರು ನೆಲದ ಮೇಲೆ ಕೂತು, ಕನ್ನಡಕ ಹಾಕಿಕೊಂಡು, ನನ್ನ ಅಂಗಾಲನ್ನು ಬೆಳಕಿಗೆ ತಿರುಗಿಸಿ ಚೌಕಟ್ಟಿಗೆ ಬಂದ ಫೋಟೋ ನೋಡುವಂತೆ ನೋಡಿದರು. “ಕಲ್ಲು ಅಂದಿದ್ನಲ್ಲ, ತಪ್ಪಾತು,” ಎಂದರು.

ಮೂರು ತಿಂಗಳು ಕೈಯಲ್ಲಿದೆ, ಈ ಸಲ ಮೊದಲಿಂದ ಓದುವುದೆಂದು ತೀರ್ಮಾನಿಸಿ ಮಗಳ ಹಳೆಯ ಸ್ಕೆಚ್ ಪೆನ್ನು ಹುಡುಕಿ ತೆಗೆದೆ. ಗುಳಿಗೆಗೆ ಹಸಿರು, ವಾಕಿಂಗಿಗೆ ನೀಲಿ, ಕಾಲು ನೋಡಿಕೊಳ್ಳುವುದಕ್ಕೆ ಕೆಂಪು. ಅಂಚಿಗೆ ಬಳ್ಳಿ ಬರೆದು, ಹೂವು ಬಿಡಿಸಿ, ವೇಳಾಪಟ್ಟಿಯನ್ನು ಗೋಡೆಗೆ ಅಂಟಿಸಿದೆ. ನಮ್ಮವರು ದೂರ ನಿಂತು ನೋಡಿ, “ಭಾರಿ ಚಂದ ಬಂದದ. ಚೌಕಟ್ಟು ಹಾಕಲೇನು?” ಎಂದರು. ಬಣ್ಣಬಣ್ಣದ ವೇಳಾಪಟ್ಟಿ ಬರೆಯುವುದರಲ್ಲೇ ಸಂಜೆ ಕಳೆಯುವ ಹುಡುಗಿಯರು ಎಂದೂ ಪಾಸಾಗುವುದಿಲ್ಲವೆಂದು ಇಪ್ಪತ್ತೆರಡು ವರ್ಷದಿಂದ ಸಾರಿಕೊಂಡು ಬಂದವಳು ನಾನೇ ಎಂಬುದು ಆಗ ನೆನಪಾಯಿತು. ಗಡಿಯಾರ ನೋಡಿದರೆ ಮೊದಲ ದಿನದ ವಾಕಿಂಗಿನ ಹೊತ್ತು ಆಗಲೇ ಮೀರಿತ್ತು.