ಹಿರಿಯರು ಹಂಚಿದ ವರಗಳು

ದೇವಾಲಯದಲ್ಲೂ ಕೂರುವವರು ಮನುಷ್ಯರೇ ಆದ್ದರಿಂದ, ದೊಡ್ಡಬಳ್ಳಾಪುರದ ನಮ್ಮ ಪುಟ್ಟ ಚರ್ಚಿನಲ್ಲಿ ನಗುವಂಥದ್ದು ಏನಾದರೊಂದು ನಡೀತಾನೇ ಇತ್ತು. ನಡೆಯುವಾಗ ನನಗೆ ನಗು ಬರ್ತಿರಲಿಲ್ಲ, ಅಷ್ಟೇ.

೧. ಸೇವೆಯ ವರ

ತೊಂಬತ್ತರ ದಶಕದ ಶುರು. ನಮ್ಮ ಸಭಾಪಾಲಕರಾದ ಅಯ್ಯನವರು ಬೆಂಗಳೂರಿನಲ್ಲಿ ಯಾವುದೋ ತರಬೇತಿ ಮುಗಿಸಿ ಬಂದವರೇ, "ಪ್ರತಿಯೊಬ್ಬ ವಿಶ್ವಾಸಿಗೂ ಪವಿತ್ರಾತ್ಮ ಒಂದು ವರ ಕೊಟ್ಟಿರ್ತಾನೆ. ಅದನ್ನ ಕಂಡ್ಕೊಂಡು ಸಭೆಗೆ ಉಪಯೋಗಿಸ್ಬೇಕು" ಅಂದರು. ಯಾರಿಗೆ ಯಾವ ವರ ಅಂತ ಗುರುತಿಸುವ ಕೆಲಸ ಸಭೆಯ ಹಿರಿಯರೊಬ್ಬರ ಪಾಲಿಗೆ ಬಂತು. ಅವರದು ಸ್ವಂತ ಪವರ್‌ಲೂಮ್ ಶೆಡ್. ನನ್ನ ಗಂಡ ಅಲ್ಲೇ ಮಗ್ಗ ನಡೆಸ್ತಿದ್ದರು.

ಹಿರಿಯರು ಕಣ್ಣುಮುಚ್ಚಿ ಪ್ರಾರ್ಥಿಸಿ ಹೇಳತೊಡಗಿದರು. ಗುಣಪಡಿಸುವ ವರ ಅವರಿಗೇ ಬಂದಿತ್ತು. ಬೋಧಿಸುವ ವರ ಅವರ ಅಳಿಯನಿಗೆ. ಆತ ನಾಲ್ಕು ಜನರ ಮುಂದೆ ನಿಂತರೆ ಬೆವರುತ್ತಿದ್ದ. ನಾನು ಸರ್ಕಾರಿ ಶಾಲೆ ಟೀಚರು. ಆಸೆಯಿಂದ ಕಾದೆ.

"ನಿಮ್ದು ಸೇವೆಯ ವರ ಕಣಮ್ಮ."

"ಹಾಗಂದ್ರೆ ಏನಣ್ಣಾ?"

"ಪ್ರೀತಿಭೋಜನ ಆದ್ಮೇಲೆ ಪಾತ್ರೆಗೀತ್ರೆ ನೋಡ್ಕೊಳ್ಳಿ."

ವಿಚಾರಿಸಿದರೆ ಸಭೆಯ ಹೆಂಗಸರಿಗೆಲ್ಲ ಅದೇ ವರ. ನಮ್ಮೂರ ಗಂಡಸರ ಸ್ವಭಾವ ಪವಿತ್ರಾತ್ಮನಿಗೆ ಚೆನ್ನಾಗಿ ಗೊತ್ತಿತ್ತು.

೨. ಗುಣಪಡಿಸುವ ವರ

ಶೆಡ್ಡಿನ ಧೂಳಲ್ಲಿ ದುಡಿದ ನನ್ನ ಗಂಡನಿಗೆ ಕೆಮ್ಮು ಹತ್ತಿತು. ಆಸ್ಪತ್ರೆಯಲ್ಲಿ ಕ್ಷಯ ಅಂದರು, ತಿಂಗಳುಗಟ್ಟಲೆ ಮಾತ್ರೆ ಬರೆದುಕೊಟ್ಟರು. ಅವತ್ತೇ ಹಿರಿಯರು ಮನೆಗೆ ಬಂದು, ತಲೆ ಮೇಲೆ ಕೈಯಿಟ್ಟು ಪ್ರಾರ್ಥಿಸಿ, "ಗುಣ ಆಯ್ತು. ಇನ್ನು ಮಾತ್ರೆ ನುಂಗಿದ್ರೆ ಅದು ಅವಿಶ್ವಾಸ" ಅಂದರು. ಮಾಲೀಕರ ಮಾತು, ನನ್ನ ಗಂಡ ನಂಬಿದರು.

ಮುದ್ದೆಯನ್ನ ಯಾರೂ ಅಗಿಯೋದಿಲ್ಲವಲ್ಲ. ತುತ್ತಿನೊಳಗೆ ಮಾತ್ರೆ ಹುದುಗಿಸಿ, ದಿನವೂ ನಾನೇ ಬಾಯಿಗಿಟ್ಟೆ. ಅವರು ಪ್ರೀತಿ ಅಂದುಕೊಂಡರು. ಆ ಮಾತ್ರೆಗೆ ಮೂತ್ರ ಕೆಂಪಾಗುತ್ತೆ. ಗಂಡ ಹೆದರಿ ಹಿರಿಯರನ್ನ ಕೇಳಿದ್ದಕ್ಕೆ, "ರೋಗ ಇಳಿದು ಹೋಗ್ತಿದೆ ಕಣಪ್ಪಾ" ಅಂದರಂತೆ.

ಗಂಡ ಗುಣವಾದರು. ತಮ್ಮ ಪ್ರಾರ್ಥನೆಯಿಂದಲೇ ಅಂತ ಹಿರಿಯರು ಸಭೆಯ ಮುಂದೆ ನಿಂತು ಸಾಕ್ಷಿ ಹೇಳಿದರು. ಹೊಟ್ಟೆ ಉರಿದರೂ, ಶೆಡ್ಡಿನ ಕೆಲಸ ನೆನೆದು ತೆಪ್ಪಗಿದ್ದೆ. ಸ್ವಲ್ಪ ದಿನಕ್ಕೆ ಹಿರಿಯರಿಗೇ ಹಲ್ಲುನೋವು ಬಂದಾಗ ಬಸ್ಸು ಹತ್ತಿ ಬೆಂಗಳೂರಿನ ಡಾಕ್ಟರ ಹತ್ತಿರ ಹೋದರು. ನಾನು ಕೇಳಿದೆ, "ಪ್ರಾರ್ಥನೆ ಮಾಡ್ಕೊಳ್ಳಲಿಲ್ವಾ ಅಣ್ಣಾ?"

"ಈ ವರ ಬೇರೆಯವರ ಉಪಯೋಗಕ್ಕೆ ಕೊಟ್ಟಿರೋದಮ್ಮ" ಅಂದರು.

೩. ವಾಕ್ಯಪಾಲನೆ

ಒಂದು ಭಾನುವಾರ ಪ್ರಸಂಗ ಮಾಡೋಕೆ ಅವಕಾಶ ಕೊಡಿ ಅಂತ ಅಯ್ಯನವರನ್ನ ಕೇಳಿದೆ. ಪಕ್ಕದಲ್ಲಿದ್ದ ಹಿರಿಯರು, "ಹೆಂಗಸರು ಸಭೆಯಲ್ಲಿ ಮೌನವಾಗಿರಬೇಕು ಅಂತ ಬೈಬಲ್ ವಾಕ್ಯದಲ್ಲೇ ಇದೆ" ಅಂದರು. ಅಯ್ಯನವರು ಸೂರು ನೋಡಿದರು.

ನಮ್ಮ ಗಾಯಕವೃಂದದಲ್ಲಿ ಇದ್ದವರೆಲ್ಲ ಹೆಂಗಸರೇ. "ವಾಕ್ಯ ಅಂದ್ಮೇಲೆ ಪಾಲಿಸ್ಬೇಕಲ್ವಾ" ಅಂದೆ. ಎಲ್ಲರೂ ಒಪ್ಪಿದರು.

ಸುಗ್ಗಿ ಹಬ್ಬದ ಆರಾಧನೆಗೆ ಬೆಂಗಳೂರಿನಿಂದ ದೊಡ್ಡ ಬೋಧಕರು ಬಂದಿದ್ದರು. ನಾವು ಒಂದೇ ಬಣ್ಣದ ಸೀರೆಯುಟ್ಟು, ಪುಸ್ತಕ ತೆರೆದು, ಬಾಯಿ ಮುಚ್ಚಿ ನಿಂತೆವು. ಹಾರ್ಮೋನಿಯಂ ಮತ್ತೆಮತ್ತೆ ಶುರುವಾಗಿ ನಿಂತಿತು. "ಹಾಡ್ರಮ್ಮ" ಅಂತ ಹಿರಿಯರು ಹಲ್ಲುಕಚ್ಚಿದರು. ಏನಾಯ್ತಮ್ಮ ಅಂತ ಬೋಧಕರು ಕೇಳಿದ್ದಕ್ಕೆ, ನಾನು ಬೈಬಲ್ ತೆರೆದು ಆ ವಾಕ್ಯದ ಮೇಲೆ ಬೆರಳಿಟ್ಟು, ಇನ್ನೊಂದು ಕೈಯಿಂದ ಹಿರಿಯರನ್ನ ತೋರಿಸಿದೆ.

ಬೋಧಕರು ಓದಿಕೊಂಡರು. "ಹಾಗಿದ್ರೆ ನೀವೇ ಹಾಡಿ ಹಿರಿಯರೇ" ಅಂದರು.

ಹಿರಿಯರು ಒಬ್ಬರೇ ಹಾಡಿದರು, ಎಲ್ಲಾ ಚರಣಗಳನ್ನೂ. ಪಲ್ಲವಿಗೆ ಎತ್ತಿಕೊಂಡ ಶ್ರುತಿ ಚರಣಕ್ಕೆ ಸಿಗಲೇ ಇಲ್ಲ.

ಮರುದಿನ ಶೆಡ್ಡಿಗೆ ಹೋದ ಗಂಡ ಊಟದ ಡಬ್ಬಿ ಸಮೇತ ಆಗಲೇ ವಾಪಸ್ಸು ಬಂದರು. ಕೆಲಸ ಹೋಗಿತ್ತು.

"ನನ್ನಿಂದ ಹೀಗಾಯ್ತಲ್ರೀ" ಅಂದೆ.

"ನಿನ್ನಿಂದ ಅಲ್ಲ ಕಣೆ" ಅಂದರು ಡಬ್ಬಿ ಕೆಳಗಿಡುತ್ತಾ. "ಅವರು ಹಾಡ್ಬೇಕಾದ್ರೆ ನಾನು ಮುಂದಿನ ಸಾಲಲ್ಲೇ ಕೂತು ನಕ್ಬಿಟ್ಟೆ."