ಓದಿದ ಟಪಾಲು

ಶನಿವಾರ ಸಂಜೆ ಕರೆಂಟು ಇನ್ನೊಂದು ಐದು ನಿಮಿಷ ತಡೆದು ಹೋಗಿದ್ದರೆ ಮಾಯಿಲಪ್ಪನಿಗೆ ಈ ಕಷ್ಟ ಬರುತ್ತಿರಲಿಲ್ಲ. ಆರು ವರ್ಷ ಕಾದ ವರ್ಗಾವಣೆಯ ಆದೇಶ ಕನ್ಯಾನ ಶಾಖೆಯ ಕಂಪ್ಯೂಟರಿಗೆ ಬಂದಿಳಿದದ್ದು ನಾಲ್ಕೂವರೆಗೆ. ಅವನು ಅದನ್ನು ಎರಡು ಸಲ ಓದಿದ, ಕಣ್ಣೊರೆಸಿಕೊಂಡು ಮೂರನೆಯ ಸಲ ಓದಿದ, ಪ್ರಿಂಟರಿಗೆ ಕಾಗದ ಸಿಕ್ಕಿಸಿದ. ಅಷ್ಟರಲ್ಲಿ ಪರದೆ ಕಪ್ಪಾಯಿತು. ಸೋಮವಾರ ಬಂದು ತೆಗೆದರಾಯಿತು ಎಂದುಕೊಂಡು ಬಸ್ಸು ಹತ್ತಿದ. ತಪ್ಪೆಂದರೆ ಅದೊಂದೇ.

ಮಾಯಿಲಪ್ಪ ಒಂದು ರಬ್ಬರ್ ಕಂಪನಿಯ ಗುಮಾಸ್ತ. ಮನೆ ಉಜಿರೆಯಲ್ಲಿ, ಕೆಲಸ ಕೇರಳದ ಗಡಿಗೆ ತಾಗಿದ ಕನ್ಯಾನದಲ್ಲಿ, ನಡುವೆ ಮೂರು ಬಸ್ಸು. ವಾರವಿಡೀ ಬಾಡಿಗೆ ಕೋಣೆಯಲ್ಲಿ ಗಂಜಿ ಬೇಯಿಸಿಕೊಂಡು, ಶನಿವಾರ ರಾತ್ರಿ ಮನೆ ಸೇರಿ, ಸೋಮವಾರ ಕೋಳಿ ಕೂಗುವ ಮೊದಲೇ ಹೊರಡುವ ಬಾಳು ಅವನದು. ಎಂಟು ವರ್ಷದ ಮಗಳು ಮೋಕ್ಷಿತಾ ಅವನು ಚಪ್ಪಲಿ ಬಿಡುತ್ತಿದ್ದಂತೆ ನೆಂಟರನ್ನು ಕೇಳಿದ ಹಾಗೆ, "ಅಪ್ಪ, ಎಷ್ಟು ದಿನ ಇರ್ತೀರಿ?" ಎಂದು ಕೇಳುತ್ತಿದ್ದಳು. ಈ ಶನಿವಾರ ಅವನು, "ಇನ್ನು ದಿನಾ ಇರ್ತೇನೆ ಮಗಾ" ಎಂದುಬಿಟ್ಟ. ಹೆಂಡತಿ ಸೇಸಮ್ಮ ಮಾಡಿದ ಮರುದಿನದ ಮೀನು ಸಾರಿಗೆ ಎಂದಿಗಿಂತ ಹೆಚ್ಚು ತೆಂಗಿನಕಾಯಿ ಬಿದ್ದಿತ್ತು.

ಆದೇಶದಲ್ಲಿ ಒಂದು ಷರತ್ತಿತ್ತು. ಸೋಮವಾರ ಸಂಜೆ ಐದರೊಳಗೆ ಆದೇಶದ ಅಚ್ಚು ಪ್ರತಿಯೊಂದಿಗೆ ಉಜಿರೆ ಶಾಖೆಯಲ್ಲಿ ಹಾಜರಾಗಬೇಕು. ತಪ್ಪಿದರೆ ಹುದ್ದೆ ಪಟ್ಟಿಯಲ್ಲಿ ಮುಂದಿರುವ ಫರಂಗಿಪೇಟೆಯವರಿಗೆ.

ಸೋಮವಾರ ಒಂಬತ್ತೂವರೆಗೆ ಮಾಯಿಲಪ್ಪ ಇ-ಮೇಲ್ ಪೆಟ್ಟಿಗೆ ತೆರೆದ. ಆದೇಶ ಇರಲಿಲ್ಲ. ಮುಚ್ಚಿ ಮತ್ತೆ ತೆರೆದ. ಆಗಲೂ ಇರಲಿಲ್ಲ. ಆ ದಿನ ಬಂದ ನಾಲ್ಕು ಪತ್ರಗಳು ಮಾತ್ರ ಕಪ್ಪು ದಪ್ಪಕ್ಷರದಲ್ಲಿ ಕೂತಿದ್ದವು. ಹಳೆಯದೆಲ್ಲ ಗುಡಿಸಿ ಹಾಕಿದಂತೆ ಸ್ವಚ್ಛ.

"ಶನಿವಾರ ನಾನೂ ನೋಡಿದ್ದೇನಲ್ಲ ಸರ್, ಇಲ್ಲೇ ಇತ್ತು" ಎಂದಳು ಟೈಪಿಸ್ಟ್ ಸರಸ. ಅವಳ ಸಾಕ್ಷ್ಯದಿಂದ ಸಂಕಟ ಹೆಚ್ಚಿತೇ ಹೊರತು ಪತ್ರ ಬರಲಿಲ್ಲ.

ಮ್ಯಾನೇಜರ್ ಅಬ್ದುಲ್ ಹಕೀಂ ಬ್ಯಾಂಕಿನ ಕೆಲಸಕ್ಕೆ ವಿಟ್ಲಕ್ಕೆ ಹೋಗಿದ್ದರು. ಮಾಯಿಲಪ್ಪ ಮೂಡುಬಿದಿರೆಯ ಮುಖ್ಯ ಕಚೇರಿಗೆ ಫೋನು ಮಾಡಿದ. ಎತ್ತಿಕೊಂಡವನು ಅಲ್ಲಿಯ ಗುಮಾಸ್ತ ಉನೈಸ್.

"ಇನ್ನೊಮ್ಮೆ ಕಳುಹಿಸಿ ಅಂತ ಹೇಳುವುದು ಸುಲಭ ಮಾಯಿಲಪ್ಪಣ್ಣ. ದೊಡ್ಡ ಮ್ಯಾನೇಜರನ್ನು ಕೇಳದೆ ನಾನು ಕಳುಹಿಸಿದ್ರೆ ನನ್ನನ್ನು ಬಿಡ್ತಾರಾ? ಅವರು ಮದುವೆಗೆ ಹೋಗಿದ್ದಾರೆ. ಮೂರು ಗಂಟೆಗೆ ಬರ್ತಾರೆ."

ಮೂರು ಗಂಟೆಗೆ ಕನ್ಯಾನದಿಂದ ಹೊರಟವನು ಐದಕ್ಕೆ ಉಜಿರೆ ಸೇರುವುದಾದರೆ ಹಾರಿಯೇ ಹೋಗಬೇಕು. ಮಾಯಿಲಪ್ಪ ಹಿಡಿಯಬೇಕಾದದ್ದು ಒಂದೂವರೆಯ ಬಸ್ಸು.

ಸುದ್ದಿ ಪಕ್ಕದ ಫೋಟೋ ಸ್ಟುಡಿಯೋಗೆ ಮುಟ್ಟಿತು. ಅದರ ಮಾಲೀಕ ಸುಧಾಕರ ವಿಟ್ಲದಲ್ಲಿ ಮೂರು ತಿಂಗಳು ಕಂಪ್ಯೂಟರ್ ಕಲಿತವನು. ಕರೆಯದಿದ್ದರೂ ಬಂದು ಕುರ್ಚಿ ಎಳೆದು ಕೂತ.

"ವೈರಸ್" ಎಂದ. "ಒಂದೇ ಹೋದದ್ದಾ, ಬೇರೆಯದಕ್ಕೂ ಹಿಡಿದಿದೆಯಾ ಅಂತ ನೋಡುವ."

ಅವನು ಇದ್ದ ನಾಲ್ಕು ಪತ್ರಗಳನ್ನೂ ಒಂದೊಂದಾಗಿ ತೆರೆದು, ನಾಡಿ ಹಿಡಿದ ವೈದ್ಯನ ಗಾಂಭೀರ್ಯದಿಂದ ಪೂರ್ತಿ ಓದಿದ. ಆಮೇಲೆ ಕಂಪ್ಯೂಟರಿನ ಕಸದ ಬುಟ್ಟಿಯ ಕಡೆ ಹೋಗಿ ಹುಡುಕಿ ಹಿಂದೆ ಬಂದ. ನೋಡಿದರೆ ಆ ನಾಲ್ಕೂ ಇಲ್ಲ.

"ಸುಧಾಕರಣ್ಣ, ಇವತ್ತಿನ ರಬ್ಬರ್ ರೇಟು ಅದರಲ್ಲೇ ಇದ್ದದ್ದು" ಎಂದಳು ಸರಸ ಮೆಲ್ಲಗೆ.

ರೇಟು ಇಲ್ಲದೆ ಶೀಟು ತೂಗುವ ಹಾಗಿಲ್ಲ. ಜಗಲಿಯಲ್ಲಿ ರಬ್ಬರ್ ಶೀಟಿನ ಕಟ್ಟು ಇಟ್ಟುಕೊಂಡು ಕಾಯುತ್ತಿದ್ದ ರುಖಿಯಮ್ಮ ಒಳಗೆ ಬಂದು ವಿಷಯ ಏನೆಂದು ಕೇಳಿದರು, ಕೇಳಿ ಬೆಂಚಿನ ಮೇಲೆ ಕೂತರು.

"ಇದು ಕಣ್ಣು ತಾಗಿದ್ದು" ಎಂದರು. "ಆರು ವರ್ಷದಿಂದ ವರ್ಗ ಆಗ್ತದೆ, ವರ್ಗ ಆಗ್ತದೆ ಅಂತ ಕಂಡವರಿಗೆಲ್ಲ ಹೇಳಿದ್ರೆ ಮತ್ತೆಂತ ಆಗುವುದು? ಬಾಯಿ ಮುಚ್ಚಿಕೊಂಡು ಇರಬೇಕಿತ್ತು ನೀವು."

ಹನ್ನೊಂದೂವರೆಗೆ ಸುಧಾಕರ ಮತ್ತೆ ಇಂಟರ್ನೆಟ್ ಜೋಡಿಸಿದ. ಹೊಸದಾಗಿ ಮೂರು ಪತ್ರ ಬಂದವು. ಒಂದನ್ನು ಸರಸ ಓದಿದಳು, ಪೆಟ್ಟಿಗೆ ಮುಚ್ಚಿ ತೆರೆಯುವಾಗ ಅದು ಮಾಯ. ಇನ್ನೊಂದನ್ನು ಸುಧಾಕರ ಓದಿದ, ಅದೂ ಮಾಯ. ಮೂರನೆಯದರ ಹತ್ತಿರ ಹೋಗುವ ಧೈರ್ಯ ಯಾರಿಗೂ ಆಗಲಿಲ್ಲ. ಸುಧಾಕರ ಮುಖ ಆಚೆ ತಿರುಗಿಸಿಕೊಂಡು, "ಯಾರೂ ಓದಬೇಡಿ. ಓದಿದ್ರೆ ಹೋಗ್ತದೆ" ಎಂದ. ಸರಸ ಮಾನಿಟರಿನ ಮೇಲೆ ಟವೆಲು ಹೊದೆಸಿದಳು. ಎಲ್ಲರೂ ಸಾವಿನ ಮನೆಯಲ್ಲಿ ಕೂತ ಹಾಗೆ ಅದರ ಸುತ್ತ ಸುಮ್ಮನೆ ಕೂತರು. ರುಖಿಯಮ್ಮ ಎಲೆ ಅಡಿಕೆ ಹಾಕುವುದನ್ನೂ ನಿಲ್ಲಿಸಿದ್ದರು.

ಮಾಯಿಲಪ್ಪನಿಗೆ ಅಳು ಬರುವಂತಾಯಿತು. ಮಗಳಿಗೆ ಏನು ಹೇಳುವುದು? ಹಾಗೆ ಕೂತವನ ತಲೆಯಲ್ಲಿ ಸುಧಾಕರನ ಮಾತೇ ಸುತ್ತುತ್ತಿತ್ತು. ಓದಿದರೆ ಹೋಗುತ್ತದೆ. ಓದದ್ದು ಉಳಿಯುತ್ತದೆ. ವೈರಸ್ಸಿಗೆ ಓದಿದ್ದು ಯಾವುದು, ಓದದ್ದು ಯಾವುದು ಎಂಬ ಲೆಕ್ಕ ಯಾಕೆ? ಇದು ಯಾರೋ ಹೇಳಿ ಮಾಡಿಸಿದ ಕೆಲಸದ ಹಾಗೆ ಉಂಟಲ್ಲ.

ಅವನು ಟವೆಲು ಸರಿಸಿದ. ಇಂಗ್ಲಿಷ್ ನಿಘಂಟನ್ನು ತೊಡೆಯ ಮೇಲಿಟ್ಟುಕೊಂಡು ಪರದೆಯ ಮೇಲಿನ ಪಟ್ಟಿಯ ಒಂದೊಂದೇ ಶಬ್ದದ ಅರ್ಥ ನೋಡುತ್ತ ಹೋದ. ಒಂದು ಗಂಟೆಗೆ ಹತ್ತು ನಿಮಿಷ ಇರುವಾಗ ಓದಿದ ಪತ್ರಗಳನ್ನು ಅಡಗಿಸು ಎಂಬ ಅರ್ಥದ ಒಂದು ಸಾಲು ಸಿಕ್ಕಿತು. ಅದರ ಪಕ್ಕದಲ್ಲಿ ಕಪ್ಪು ಚುಕ್ಕೆ. ಅದರ ಮೇಲೆಯೇ, ಎಲ್ಲವನ್ನೂ ತೋರಿಸು ಎಂಬ ಸಾಲು. ಮಾಯಿಲಪ್ಪ ಅದನ್ನು ಒತ್ತಿದ. ನೂರಾರು ಪತ್ರಗಳು ದಡದಡನೆ ಎದ್ದು ನಿಂತವು. ಅವುಗಳ ನಡುವೆ ಅವನ ಆದೇಶ, ಒಂದಕ್ಷರ ಕೊಂಕಿಲ್ಲದೆ.

ಹೊತ್ತಿಗೆ ಸರಿಯಾಗಿ ಅಬ್ದುಲ್ ಹಕೀಂ ಒಳಗೆ ಬಂದರು. ಎಲ್ಲವನ್ನೂ ಕೇಳಿಸಿಕೊಂಡು ಶಾಂತವಾಗಿ ಹೇಳಿದರು:

"ಅದು ನಾನೇ ಮಾಡಿದ್ದು, ಶನಿವಾರ ಹೋಗುವಾಗ, ಕರೆಂಟು ಬಂದ ಮೇಲೆ. ಓದಿದ ಟಪಾಲು ಮೇಜಿನ ಮೇಲೆ ಕಾಣಬಾರದು, ಫೈಲಿಗೆ ಹೋಗಬೇಕು. ಇಪ್ಪತ್ತೆರಡು ವರ್ಷದಿಂದ ನನ್ನ ಕ್ರಮ ಅದು. ಕಂಪ್ಯೂಟರಿನಲ್ಲೂ ಅದಕ್ಕೆ ವ್ಯವಸ್ಥೆ ಉಂಟು ಅಂತ ಗೊತ್ತಾಯ್ತು. ಫೋನು ಮಾಡಿ ಎಲ್ಲ ಶಾಖೆಗೂ ಹೇಳಿಕೊಟ್ಟಿದ್ದೇನೆ."

ಪ್ರಿಂಟರು ಕಿರುಗುಟ್ಟುತ್ತ ಆದೇಶವನ್ನು ಹೊರಗೆ ತಂದಿತು. ಹಕೀಂ ಅದಕ್ಕೆ ಸೀಲು ಹಾಕಿ, ಮಾಯಿಲಪ್ಪನ ಕೈ ಹಿಡಿದುಕೊಂಡರು.

"ಇಷ್ಟು ಜನ ಸೇರಿ ಆಗದ್ದನ್ನು ನೀವೊಬ್ಬರೇ ಮಾಡಿದಿರಿ ಮಾಯಿಲಪ್ಪನವರೇ. ಇದನ್ನು ನಾನು ಹೀಗೇ ಬಿಡುವುದಿಲ್ಲ. ದೊಡ್ಡ ಮ್ಯಾನೇಜರಿಗೆ ಇವತ್ತೇ ಬರೀತೇನೆ."

ಇಷ್ಟು ವರ್ಷ ಈ ಮನುಷ್ಯನನ್ನು ಮನಸ್ಸಿನಲ್ಲೇ ಬೈದದ್ದಕ್ಕೆ ಮಾಯಿಲಪ್ಪನಿಗೆ ನಾಚಿಕೆಯಾಯಿತು. ನಮಸ್ಕಾರ ಹೇಳಿ ಬಸ್ಸಿಗೆ ಓಡಿದ.

ಉಜಿರೆ ಶಾಖೆಯ ಮೆಟ್ಟಿಲು ಹತ್ತುವಾಗ ನಾಲ್ಕು ಮುಕ್ಕಾಲು. ಮ್ಯಾನೇಜರ್ ಅಸ್ಕರ್ ಎದ್ದು ಬರಮಾಡಿಕೊಂಡರು. ಕಿಟಕಿಯ ಬಳಿಯ ಖಾಲಿ ಕುರ್ಚಿ ತೋರಿಸಿ, "ನಿಮ್ಮದೇ" ಎಂದರು. ಆ ಕಿಟಕಿಯಿಂದ ಮಾಯಿಲಪ್ಪನ ಮನೆಗೆ ಹೋಗುವ ದಾರಿ ಕಾಣುತ್ತಿತ್ತು.

"ಒಂದೇ ಒಂದು ವಿಷಯ" ಎಂದರು ಅಸ್ಕರ್. "ಈ ಆದೇಶದ ಪ್ರತಿ ನಮಗೂ ಬಂದಿರಬೇಕು. ಎರಡನ್ನೂ ಪಕ್ಕದಲ್ಲಿಟ್ಟು ನೋಡಿಯೇ ಸಹಿ ಹಾಕುವುದು ಕ್ರಮ. ಆದರೆ ನಮ್ಮ ಕಂಪ್ಯೂಟರಿನಲ್ಲಿ ಹಳೆಯದು ಯಾವುದೂ ಕಾಣುವುದಿಲ್ಲ ಮಾರಾಯ್ರೆ. ಸಿಗದಿದ್ದರೆ ನಿಮ್ಮ ಪ್ರತಿ ನೋಡಿಯೇ ಸಹಿ ಹಾಕುವ."

"ಈಗ ಸಂಜೆ ಕೂಡ ಒಂದು ಬಂದಿತ್ತು ಸರ್" ಎಂದಳು ಅಲ್ಲಿಯ ಗುಮಾಸ್ತೆ ಕಾಂತಿ. "ಕನ್ಯಾನದ್ದೇ ಏನೋ ವಿಷಯ. ತೆರೆದು ಎರಡು ಸಾಲು ನೋಡುವಾಗ ನೀವು ಕರೆದಿರಿ. ಹಿಂದೆ ಬಂದು ನೋಡಿದ್ರೆ ಇಲ್ಲ."

ಮಾಯಿಲಪ್ಪ ನಕ್ಕ. ಅಂದು ಅವನು ನಕ್ಕದ್ದು ಅದೇ ಮೊದಲು. "ಏಳಿ ಅಮ್ಮ, ಅದಕ್ಕೆ ಅರ್ಧ ನಿಮಿಷ ಸಾಕು" ಎಂದು ಕಾಂತಿಯ ಕುರ್ಚಿಯಲ್ಲಿ ಕೂತು, ಪಟ್ಟಿ ತೆರೆದು, ಕಪ್ಪು ಚುಕ್ಕೆಯ ಮೇಲಿನ ಸಾಲನ್ನು ಒತ್ತಿದ. ಪತ್ರಗಳೆಲ್ಲ ಎದ್ದವು. ಶನಿವಾರದ ಆದೇಶವೂ ಇತ್ತು. ಎಲ್ಲಕ್ಕಿಂತ ಮೇಲೆ ಆ ಸಂಜೆ ಮೂರೂವರೆಗೆ ದೊಡ್ಡ ಮ್ಯಾನೇಜರು ಬರೆದದ್ದೊಂದು ಇತ್ತು. ಅಸ್ಕರ್ ಅದನ್ನು ಗಟ್ಟಿಯಾಗಿ ಓದಿದರು.

"ಕನ್ಯಾನ ಶಾಖೆಯ ಗಣಕಯಂತ್ರವನ್ನು ಶ್ರೀ ಮಾಯಿಲಪ್ಪ ಎಂಬವರ ಹೊರತು ಬೇರೆ ಯಾರೂ ನಡೆಸಲಾರರೆಂದು ಶ್ರೀ ಅಬ್ದುಲ್ ಹಕೀಂ ಇವರು ಮನವರಿಕೆ ಮಾಡಿಕೊಟ್ಟಿರುವುದರಿಂದ, ಸದರಿಯವರ ವರ್ಗಾವಣೆಯನ್ನು ರದ್ದುಪಡಿಸಲಾಗಿದೆ. ನಾಳೆ ಬೆಳಿಗ್ಗೆ ಅವರು ಕನ್ಯಾನದಲ್ಲಿ ಹಾಜರಾಗತಕ್ಕದ್ದು."

ಅದನ್ನು ತಾನೇ ಹುಡುಕಿ ತೆಗೆಯದಿದ್ದರೆ ಇಷ್ಟು ಹೊತ್ತಿಗೆ ಸಹಿ ಬಿದ್ದು, ಆ ಕಿಟಕಿಯ ಬಳಿ ಕೂತಿರುತ್ತಿದ್ದೆ ಎಂಬುದು ಮಾಯಿಲಪ್ಪನಿಗೆ ಚೆನ್ನಾಗಿ ಅರ್ಥವಾಯಿತು.

ಅಸ್ಕರಿಗೆ ನಿಜಕ್ಕೂ ಬೇಸರವಾಯಿತು. ಒಳ್ಳೆಯ ಮನುಷ್ಯ, ಏನಾದರೂ ಮಾಡಲೇಬೇಕು ಅನಿಸಿತು.

"ಕೂರಿ, ಒಂದು ಚಾ ಕುಡಿಯುವ" ಎಂದರು. "ಕಾಂತಿ, ದೊಡ್ಡ ಮ್ಯಾನೇಜರಿಗೆ ಬರೆಯಿರಿ. ಇಂಥವರು ನಮಗೂ ಬೇಕು. ಪ್ರತೀ ಆದಿತ್ಯವಾರ ಮಾಯಿಲಪ್ಪನವರನ್ನು ಇಲ್ಲಿಯ ಕಂಪ್ಯೂಟರ್ ನೋಡಲಿಕ್ಕೆ ಹಾಕಬೇಕು ಅಂತ. ಹೇಗೂ ಆ ದಿನ ಅವರಿಗೆ ಬೇರೆ ಕೆಲಸ ಇಲ್ಲ, ಊರಲ್ಲೇ ಇರ್ತಾರೆ."

ಮಾಯಿಲಪ್ಪ ಬೇಡ ಎನ್ನಲು ಬಾಯಿ ತೆರೆಯುವಷ್ಟರಲ್ಲಿ ಕಾಂತಿ ಕಳುಹಿಸಿಯಾಗಿತ್ತು. ಚಾ ಬರುವ ಮೊದಲೇ ಮೂಡುಬಿದಿರೆಯಿಂದ ಒಪ್ಪಿಗೆ ಬಂತು.